ಕಾಳಿಯ ಕಲ್ಲು ಮತ್ತು ನಾಯಿಗಳ ಪಾರ್ಕು

ನಾಯಿಗೂ ಒಂದು ಪಾರ್ಕಾ ಅಂತ ನಗಬೇಡಿ. ಮೊದಲು ನಾವೂ ನಕ್ಕವರೇ. ಊರಲ್ಲಿ ನಾಯಿಗೆ ಹಿತ್ತಲಿದೆ, ಕಣವಿದೆ, ಕೆರೆ ಏರಿಯಿದೆ. ಮನಸ್ಸು ಬಂದಾಗ ಓಡುತ್ತದೆ, ಹಸಿದಾಗ ಬಾಗಿಲಿಗೆ ಬರುತ್ತದೆ.

ಬೆಂಗಳೂರಿನ ಗವಿಪುರಂನಲ್ಲಿ ಬೆಳಿಗ್ಗೆ ಒಂದು ಸುತ್ತು ಹಾಕಿದರೆ ನಗು ನಿಲ್ಲುತ್ತದೆ. ಗವಿ ಗಂಗಾಧರೇಶ್ವರ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಅಂಗಳ ಅಂದರೆ ಸ್ಕೂಟರ್ ನಿಲ್ಲಿಸುವಷ್ಟು ಜಾಗ. ಸಾಕಿದ ನಾಯಿಗೆ ಚೈನು ಹಾಕಿ ರಸ್ತೆಗೇ ಕರೆತರಬೇಕು. ಅಲ್ಲಿ ವಾಹನಗಳು, ಗುರ್ ಎನ್ನುವ ಬೀದಿನಾಯಿಗಳು, ನಮ್ಮ ಗೇಟಿನ ಮುಂದೆ ಬೇಡ ಎನ್ನುವ ನೆರೆಯವರು. ಚೈನು ಬಿಚ್ಚಲು ಜಾಗವೇ ಇಲ್ಲ.

ಚೈನು ಬಿಚ್ಚಲೆಂದೇ ಬೇಲಿ ಹಾಕಿದ ಜಾಗ ಡಾಗ್ ಪಾರ್ಕು. ಅಮೆರಿಕದ ಬರ್ಕ್ಲಿ ಊರಿನಲ್ಲಿ 1979ರಲ್ಲಿ ಶುರುವಾದ ಒಹ್ಲೋನಿ ಪಾರ್ಕನ್ನು ಇಂಥವುಗಳಲ್ಲಿ ಮೊದಲನೆಯದು ಎನ್ನುತ್ತಾರೆ. ನೆಲದಡಿಯ ರೈಲಿಗಾಗಿ ಮನೆಗಳನ್ನು ಕೆಡವಿ ಖಾಲಿ ಉಳಿದಿದ್ದ ನೆಲ ಅದು. ನಮ್ಮ ಪಕ್ಕದ ಹೈದರಾಬಾದಿನ ಕೊಂಡಾಪುರದಲ್ಲಿ ಅಲ್ಲಿನ ಮಹಾನಗರ ಪಾಲಿಕೆ 2018ರಲ್ಲಿ 1.3 ಎಕರೆಯಲ್ಲಿ ಒಂದನ್ನು ಮಾಡಿತು.

ಬೆಂಗಳೂರಿನ ನಾಯಿ ಸಾಕುವವರು ಬಹಳ ಕಾಲ ನೆಚ್ಚಿಕೊಂಡದ್ದು 1870ರಲ್ಲಿ ಶುರುವಾದ ಕಬ್ಬನ್ ಪಾರ್ಕನ್ನು. 2022ರಲ್ಲಿ ತೋಟಗಾರಿಕೆ ಇಲಾಖೆ ಜುಲೈ 1ರಿಂದ ಅಲ್ಲಿಗೆ ನಾಯಿಗಳನ್ನು ತರಬಾರದು ಎಂದಿತು. ಚೈನಿಲ್ಲದೆ ಬಿಡುತ್ತಾರೆ, ಹೊಲಸು ಎತ್ತುವುದಿಲ್ಲ ಎಂಬುದು ವಾಕಿಂಗ್‌ನವರ ದೂರು. ಆ ದೂರಿನಲ್ಲಿ ಹುರುಳಿಲ್ಲ ಎಂದು ನಾವು ಹೇಳುವುದಿಲ್ಲ. ಸಾಕುವವರು ಪ್ರತಿಭಟಿಸಿದರು, ನಿಷೇಧ ತಡೆಹಿಡಿದರು.

ಅದೇ ಪಾರ್ಕಿನ ಅಂಚಿಗೆ, ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯವಿದೆ. ನಾಯಿಗೆ ಜಾಗ ಬೇಕೇ ಎಂದು ಹೊರಗೆ ಜಗಳವಾಗುತ್ತಿದ್ದಾಗ ಸಾವಿರ ವರ್ಷ ದಾಟಿದ ನಾಯಿಯ ಕಲ್ಲೊಂದು ಆ ಸಂಗ್ರಹದಲ್ಲಿತ್ತು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಅದು, ಕಾಲ 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಸೇರಿ ಚೋಳರನ್ನು ಸೋಲಿಸಿದರು. ಅಲ್ಲಿ ಕಾದಾಡಿದ ಮಣಲೇರನಿಗೆ, ಮೆಚ್ಚಿದೆ, ಏನು ಬೇಕೋ ಕೇಳು ಎಂದರು ಒಡೆಯರು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ!

ಆಮೇಲೊಂದು ದಿನ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ನಾಯಿ ಹಂದಿಯ ಕಾಳಗವನ್ನು ಅದರ ಮೇಲೆ ಕೆತ್ತಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟ. ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯ ಪಾಪ ಗೊರವನಿಗೆ ತಟ್ಟುತ್ತದೆ ಎಂದೂ ಬರೆಸಿದ.

ಆ ಭೂಮಿ ನಾಯಿ ಓಡಾಡಲಿ ಎಂದು ಕೊಟ್ಟದ್ದಲ್ಲ, ನಿಜ. ಆಗ ಓಡಲು ಇಡೀ ಗುಡ್ಡವೇ ಇತ್ತು. ಇವತ್ತು ನಾಯಿಗೆ ಪಾರ್ಕು ಬೇಕು ಎಂದು ಕೇಳುವವರು ಶೋಕಿಗೆ ಕೇಳುತ್ತಿಲ್ಲ. ಹಿತ್ತಲು, ಕಣ, ಬಯಲು ಎಲ್ಲ ಸೈಟಾಗಿ ಹೋದ ಮೇಲೆ ಕೇಳುತ್ತಿದ್ದಾರೆ. ನಮ್ಮ ತಾಲ್ಲೂಕು ಕೇಂದ್ರಗಳ ಹೊಸ ಬಡಾವಣೆಗಳಲ್ಲೂ ಈಗಾಗಲೇ ಚೈನು ಹಿಡಿದು ನಾಯಿ ಸುತ್ತಿಸುವವರು ಕಾಣುತ್ತಿದ್ದಾರೆ, ನೀವೂ ನೋಡಿರುತ್ತೀರಿ.

ನಮಗೆ ಇರುವ ತಕರಾರು ಬೇರೆ. ಇಂಥ ಪಾರ್ಕುಗಳ ಗೇಟಿನಲ್ಲಿ ಲಸಿಕೆಯ ಚೀಟಿ ಕೇಳುವುದು ವಾಡಿಕೆ, ಖಾಸಗಿ ಜಾಗವಾದರೆ ದುಡ್ಡೂ ಕೊಡಬೇಕು. ಗವಿಪುರಂನ ಅಂಗಡಿ ಮೆಟ್ಟಿಲ ಮೇಲೆ ಮಲಗುವ ನಾಯಿಗೆ ಚೀಟಿಯೂ ಇಲ್ಲ, ಚೈನೂ ಇಲ್ಲ.