ದೂರದ ಕಣ್ಣು, ದೂರದ ಕೈ

1969ರ ಆಗಸ್ಟ್ ತಿಂಗಳ ಕೊನೆಯಲ್ಲಿ ಅಮೆರಿಕದ ಪೂರ್ವ ತೀರದ ಕೇಂಬ್ರಿಜ್ ಪಟ್ಟಣದಿಂದ ಹೊರಟು ಪಶ್ಚಿಮ ತೀರದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವನ್ನು ಸೇರಿದ ಯಂತ್ರವು, ಹನಿವೆಲ್ ಸಂಸ್ಥೆಯ ಡಿಡಿಪಿ-516 ಎಂಬ ಗಣಕವನ್ನು ಸೈನ್ಯದ ಬಳಕೆಗೆ ತಕ್ಕ ಗಟ್ಟಿಯಾದ ಉಕ್ಕಿನ ಕವಚದೊಳಗೆ ಇರಿಸಿ ಸಿದ್ಧಗೊಳಿಸಿದುದಾಗಿದ್ದಿತು. ಇಂಟರ್‌ಫೇಸ್ ಮೆಸೇಜ್ ಪ್ರೊಸೆಸರ್ ಎಂಬುದು ಅದರ ಪೂರ್ಣನಾಮ. ಬಳಸುವವರೆಲ್ಲರೂ ಅದನ್ನು ಇಂಪ್ ಎಂದೇ ಕರೆದರು. ಆರ್ಪಾನೆಟ್ ಎಂಬ ಗಣಕಜಾಲದ ಮೊದಲನೆಯ ಸಂಧಿಯಂತ್ರವದು. ಯುದ್ಧಭೂಮಿಗೆ ಹೋಗದ ಯಂತ್ರಕ್ಕೆ ಅಂತಹ ಕವಚವೇಕೆಂದರೆ, ಅದನ್ನು ನಿರ್ಮಿಸಿದ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆಯ ತಂಡದ ನಾಯಕರಾದ ಫ್ರಾಂಕ್ ಹಾರ್ಟ್ ಅವರಿಗೆ ಶತ್ರುಗಳ ಭಯಕ್ಕಿಂತಲೂ, ಕೈಗೆ ಸಿಕ್ಕಿದುದನ್ನೆಲ್ಲ ಬಿಚ್ಚಿ ನೋಡುವ ಕುತೂಹಲಿಗಳಾದ ವಿದ್ಯಾರ್ಥಿಗಳ ಭಯವೇ ಅಧಿಕವಾಗಿದ್ದಿತು. ಯಂತ್ರವು ಇರುವ ಸ್ಥಳದವರು ಅದನ್ನು ಮುಟ್ಟಕೂಡದು ಎಂದು ನಿಯಮಿಸಿದ ಮೇಲೆ, ಅದರ ಯೋಗಕ್ಷೇಮವನ್ನು ವಿಚಾರಿಸುವ ಹೊಣೆಯು ಸಾವಿರಾರು ಮೈಲಿಗಳಾಚೆ ಕೇಂಬ್ರಿಜ್‌ನಲ್ಲಿ ಕುಳಿತವರ ಮೇಲೆಯೇ ಬಂದಿತು. ದೂರದಿಂದ ಜಾಲವನ್ನು ಕಾಯುವ ಕಸುಬು ಹುಟ್ಟಿದುದು ಹೀಗೆ.

ಕೇಂಬ್ರಿಜ್‌ನ ಆ ಕೊಠಡಿಗೆ ನೆಟ್‌ವರ್ಕ್ ಕಂಟ್ರೋಲ್ ಸೆಂಟರ್ ಎಂದು ಹೆಸರು. ಜಾಲದ ಪ್ರತಿಯೊಂದು ಇಂಪ್ ಯಂತ್ರವೂ ನಿಮಿಷಕ್ಕೊಮ್ಮೆ ತಾನು ಜೀವಂತವಾಗಿರುವೆನೆಂದೂ, ತನ್ನಿಂದ ಹೊರಟ ದೂರವಾಣಿಯ ತಂತಿಗಳಲ್ಲಿ ಇಂಥದು ಸರಿಯಾಗಿದೆ, ಇಂಥದು ಕೆಟ್ಟಿದೆಯೆಂದೂ ಅಲ್ಲಿಗೆ ವರದಿಯನ್ನು ಕಳುಹಿಸುತ್ತಿದ್ದಿತು. ವರದಿ ಬಾರದಿದ್ದರೆ ಅದೇ ಒಂದು ವರದಿ. ಈ ವ್ಯವಸ್ಥೆಯಿಂದಾಗಿ, ತಂತಿಗಳ ಒಡೆಯರಾದ ದೂರವಾಣಿ ಕಂಪೆನಿಗೆ ತನ್ನ ತಂತಿ ಕೆಟ್ಟಿರುವ ಸಂಗತಿಯು ತಿಳಿಯುವುದಕ್ಕೆ ಮುನ್ನವೇ ಕೇಂಬ್ರಿಜ್‌ನವರಿಗೆ ತಿಳಿದಿರುತ್ತಿದ್ದಿತು. ಕ್ಯಾಲಿಫೋರ್ನಿಯದ ಎರಡು ಊರುಗಳ ನಡುವಣ ತಂತಿಯಲ್ಲಿ ದೋಷವಿದೆಯೆಂದು ಅವರು ಕಂಪೆನಿಗೆ ಫೋನು ಮಾಡಿದಾಗ, ಆ ಎರಡರಲ್ಲಿ ಯಾವ ಊರಿನಿಂದ ಮಾತನಾಡುತ್ತಿದ್ದೀರಿ ಎಂದು ಅಲ್ಲಿಯ ತಂತ್ರಜ್ಞನು ಕೇಳುವನಂತೆ; ಎರಡೂ ಅಲ್ಲ, ಮ್ಯಾಸಚೂಸೆಟ್ಸಿನಿಂದ ಎಂಬ ಉತ್ತರ ಬಂದರೆ ಅವನು ನಂಬುತ್ತಿರಲಿಲ್ಲವಂತೆ. ನಂಬದಿದ್ದುದು ಅವನ ತಪ್ಪೆಂದು ನನಗೆ ತೋರುವುದಿಲ್ಲ. ತನ್ನ ಕಂಬದ ಮೇಲಣ ತಂತಿಯ ಸ್ಥಿತಿಯನ್ನು ಪರದೇಶಿಯೊಬ್ಬನು ಮೂರು ಸಾವಿರ ಮೈಲಿಗಳಾಚೆಯಿಂದ ಬಲ್ಲನೆಂದರೆ ಅಂದಿನ ಯಾವ ಲೈನ್‌ಮನ್ ತಾನೆ ಒಪ್ಪಿಯಾನು?

ಕೇಂಬ್ರಿಜ್‌ನವರಿಗೆ ಕಣ್ಣು ಮಾತ್ರವಲ್ಲದೆ ಕೈಯೂ ಇದ್ದಿತು. ದೂರದ ಇಂಪ್ ಒಂದರ ಸ್ಮೃತಿಯ ಯಾವುದೇ ಕೋಶವನ್ನು ಅವರು ಕುಳಿತಲ್ಲಿಂದಲೇ ಓದಬಹುದಾಗಿತ್ತು, ತಿದ್ದಬಹುದಾಗಿತ್ತು. ಪ್ರೋಗ್ರಾಂ ಸಂಪೂರ್ಣವಾಗಿ ಕೆಟ್ಟುಹೋದ ಯಂತ್ರವು ತನ್ನ ನೆರೆಯ ಯಂತ್ರದಿಂದ ಹೊಸ ಪ್ರತಿಯನ್ನು ತರಿಸಿಕೊಂಡು ಮತ್ತೆ ಎದ್ದು ನಿಲ್ಲಬಹುದಾಗಿತ್ತು. ಆದರೆ ಈ ಕೈಗೆ ಒಂದು ಮಿತಿಯಿದ್ದಿತು. ಆಜ್ಞೆಯನ್ನು ಒಯ್ಯುವ ಹಾದಿಯೂ ಆಜ್ಞೆಗೆ ಒಳಗಾಗಬೇಕಾದ ಜಾಲವೂ ಒಂದೇ ಆಗಿದ್ದುವು. ಜಾಲವು ಸ್ವಸ್ಥವಾಗಿರುವಷ್ಟು ಕಾಲ ಇದರಿಂದ ಬಾಧಕವಿಲ್ಲ. ಅಸ್ವಸ್ಥವಾದಾಗಲೇ ಕೈ ಬೇಕು, ಆಗಲೇ ಅದು ಕುಂಠಿತವಾಗುತ್ತದೆ.

1980ರ ಅಕ್ಟೋಬರ್ 27ರಂದು ಇದು ಪ್ರತ್ಯಕ್ಷವಾಯಿತು. ಅಂದು ಆರ್ಪಾನೆಟ್ ಹಲವು ಗಂಟೆಗಳ ಕಾಲ ಯಾರ ಉಪಯೋಗಕ್ಕೂ ಬಾರದಂತೆ ನಿಂತುಹೋಯಿತು. ಮರುವರ್ಷ ಎರಿಕ್ ರೋಸೆನ್ ಎಂಬವರು ಅದರ ಕಾರಣಮೀಮಾಂಸೆಯನ್ನು ಪ್ರಕಟಿಸಿದರು. ಈ ಕ್ಷೇತ್ರದ ಬರವಣಿಗೆಯಲ್ಲಿ ಅದರಷ್ಟು ರೋಚಕವಾದುದನ್ನು ನಾನು ಹೆಚ್ಚಾಗಿ ಕಂಡಿಲ್ಲವಾದ ಕಾರಣ ಇಲ್ಲಿ ಸ್ವಲ್ಪ ನಿಂತು ನೋಡುವುದು ಉಚಿತ. ಪ್ರತಿಯೊಂದು ಇಂಪ್ ಯಂತ್ರವೂ ತನ್ನ ತಂತಿಗಳ ಸ್ಥಿತಿಯನ್ನು ಆಗಾಗ್ಗೆ ಉಳಿದೆಲ್ಲ ಯಂತ್ರಗಳಿಗೂ ಸಾರುತ್ತಿದ್ದಿತು. ಹಳೆಯ ಸಾರಿಕೆ ಯಾವುದು, ಹೊಸದು ಯಾವುದು ಎಂದು ತಿಳಿಯಲು ಪ್ರತಿಯೊಂದಕ್ಕೂ ಕ್ರಮಸಂಖ್ಯೆಯುಂಟು. ಅದಕ್ಕೆ ಮೀಸಲಾದುದು ಆರೇ ಬಿಟ್‌ಗಳಾದುದರಿಂದ ಎಣಿಕೆಯು 63ಕ್ಕೆ ಮುಗಿದು ಗಡಿಯಾರದ ಮುಳ್ಳಿನಂತೆ ಮತ್ತೆ ಸೊನ್ನೆಗೆ ತಿರುಗುತ್ತಿದ್ದಿತು. ಆದಕಾರಣ ಎರಡು ಸಂಖ್ಯೆಗಳ ಅಂತರವು 32ನ್ನು ಮೀರದಿದ್ದರೆ ದೊಡ್ಡದು ಹೊಸದೆಂದೂ, ಮೀರಿದರೆ ಚಿಕ್ಕದೇ ಹೊಸದೆಂದೂ ನಿಯಮವಿದ್ದಿತು. ಅಂದು 50ನೆಯ ಇಂಪ್‌ನ ಹೆಸರಿನಲ್ಲಿ 8, 40, 44 ಎಂಬ ಮೂರು ಸಂಖ್ಯೆಗಳ ಸಾರಿಕೆಗಳು ಏಕಕಾಲದಲ್ಲಿ ಜಾಲದೊಳಗೆ ಸುತ್ತತೊಡಗಿದುವು. ದ್ವಿಮಾನ ಪದ್ಧತಿಯಲ್ಲಿ ಬರೆದು ನೋಡಿದರೆ 44 ಎಂಬುದು 101100, 40 ಎಂಬುದು 101000, 8 ಎಂಬುದು 001000. ಅಂದರೆ ಮೊದಲನೆಯದರಿಂದ ಒಂದು ಬಿಟ್ ಉದುರಿದರೆ ಎರಡನೆಯದು, ಅದರಿಂದ ಮತ್ತೊಂದು ಉದುರಿದರೆ ಮೂರನೆಯದು. ನೆರೆಯಲ್ಲಿದ್ದ 29ನೆಯ ಇಂಪ್‌ನ ಯಂತ್ರದೋಷದಿಂದ ಬಿಟ್‌ಗಳು ಹೀಗೆ ಉದುರಿದುವೆಂದು ತರ್ಕಿಸಲಾಯಿತು. ತಂತಿಯ ಮೇಲೆ ಸಾಗುವಾಗ ಸಂದೇಶವು ಕೆಡದಂತೆ ಕಾವಲಿದ್ದಿತು. ಯಂತ್ರದ ಸ್ಮೃತಿಯೊಳಗೆ ತಂಗಿರುವಾಗ ಕೆಟ್ಟರೆ ಕೇಳುವವರಿರಲಿಲ್ಲ.

ಮೇಲಣ ನಿಯಮವನ್ನು ಈ ಮೂರಕ್ಕೆ ಅನ್ವಯಿಸಿದರೆ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ 8 ಹೊಸದು! ಪ್ರತಿಯೊಂದು ಯಂತ್ರವೂ ಒಂದನ್ನು ಅಂಗೀಕರಿಸಿ ನೆರೆಯವರಿಗೆ ಸಾರುವಷ್ಟರಲ್ಲಿ ಅದಕ್ಕಿಂತ ಹೊಸದಾದ ಇನ್ನೊಂದು ಬರುವುದು, ಅದನ್ನು ಸಾರುವಷ್ಟರಲ್ಲಿ ಮತ್ತೊಂದು. ಮಾರ್ಗಸೂಚನೆಗೆ ಸೇರಿದ ಈ ಸಾರಿಕೆಗಳಿಗೆ ಉಳಿದೆಲ್ಲ ಕಾರ್ಯಗಳಿಗಿಂತ ಹೆಚ್ಚಿನ ಪ್ರಾಶಸ್ತ್ಯವನ್ನು ಕೊಟ್ಟಿದ್ದರಿಂದ ಯಂತ್ರಗಳು ಬೇರೇನನ್ನೂ ಮಾಡದಾದುವು. ಒಂದು ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿ ಫಲವಿಲ್ಲ, ನೆರೆಯವುಗಳು ಕ್ಷಣಮಾತ್ರದಲ್ಲಿ ಅದೇ ವ್ಯಾಧಿಯನ್ನು ಅಂಟಿಸುವುವು. ಕಡೆಗೆ ಕೆಲವು ಯಂತ್ರಗಳ ಸ್ಮೃತಿಯನ್ನು ಹೊರತೆಗೆದು ಪರೀಕ್ಷಿಸಿದಾಗ ಸರದಿಯ ತುಂಬ 50ನೆಯ ಇಂಪ್‌ನ ಸಾರಿಕೆಗಳೇ ನಿಂತಿರುವುದು ಕಂಡಿತು. ಆ ಯಂತ್ರದ ಹೆಸರಿನಲ್ಲಿ ಬಂದುದೆಲ್ಲವನ್ನೂ ಅಲಕ್ಷಿಸತಕ್ಕದ್ದೆಂಬ ಪುಟ್ಟ ತಿದ್ದುಪಡಿಯನ್ನು ಇಂಪ್‌ಗಳಿಗೆಲ್ಲ ಮುಟ್ಟಿಸಿದ ಮೇಲೆಯೇ ಜಾಲವು ಚೇತರಿಸಿಕೊಂಡುದು.

ಅಷ್ಟರಲ್ಲಿ ಜಾಲಗಳ ಲೋಕವೇ ಬದಲಾಗುತ್ತಿದ್ದಿತು. ಭಿನ್ನಭಿನ್ನವಾದ ಜಾಲಗಳನ್ನು ಒಂದಕ್ಕೊಂದು ಬೆಸೆಯುವ ಯಂತ್ರಗಳು, ಇಂದು ನಾವು ರೌಟರ್ ಎನ್ನುವ ಇವುಗಳನ್ನು ಅಂದು ಗೇಟ್‌ವೇ ಎನ್ನುತ್ತಿದ್ದರು, ಅಲ್ಲಲ್ಲಿ ತಲೆಯೆತ್ತಿದುವು. 1983ರ ಜನವರಿ 1ರಂದು ಆರ್ಪಾನೆಟ್ ಟಿಸಿಪಿ/ಐಪಿ ಎಂಬ ಸಂವಹನ ವಿಧಾನಕ್ಕೆ ತಿರುಗಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗೇಟ್‌ವೇಗಳಿಂದ ವರದಿಯನ್ನು ತರಿಸುವ ಕ್ರಮವೊಂದನ್ನು ಬೋಲ್ಟ್ ಬೆರಾನೆಕ್ ಸಂಸ್ಥೆಯ ರಾಬರ್ಟ್ ಹಿಂಡನ್ ಪ್ರಕಟಿಸಿದರು, ಅದೇ ತಿಂಗಳಲ್ಲಿ ಮೈಕ್ ಮೂಸ್ ಎಂಬವರು ಪಿಂಗ್ ಎಂಬ ಕಿರಿದಾದ ಪ್ರೋಗ್ರಾಂ ಬರೆದರು. ಆಚೆಯ ಯಂತ್ರವು ಓಗೊಡುವುದೋ ಇಲ್ಲವೋ, ಓಗೊಡಲು ಎಷ್ಟು ಹೊತ್ತು ಹಿಡಿಯಿತು ಎಂಬುದಷ್ಟನ್ನೇ ಪಿಂಗ್ ಹೇಳುತ್ತದೆ. ಇದಕ್ಕಿಂತ ಹೆಚ್ಚಿನದು ಬೇಕಾದುದು, 1986ರ ಸುಮಾರಿಗೆ ಎನ್‌ಎಸ್‌ಎಫ್‌ನೆಟ್ ಎಂಬ ಜಾಲ ಹುಟ್ಟಿ, ವಿಶ್ವವಿದ್ಯಾಲಯಗಳ ಪ್ರಾದೇಶಿಕ ಜಾಲಗಳು ಬೆಳೆದು, ಬೇರೆ ಬೇರೆ ಕಂಪೆನಿಗಳ ಗೇಟ್‌ವೇಗಳು ಒಂದೇ ಜಾಲದಲ್ಲಿ ಸೇರಿಕೊಂಡಾಗ. ಒಬ್ಬನು ಮಾಡಿದ ಯಂತ್ರದ ಭಾಷೆಯು ಇನ್ನೊಬ್ಬನ ಪ್ರೋಗ್ರಾಮಿಗೆ ತಿಳಿಯದು.

ಇದಕ್ಕೆ ಪರಿಹಾರವನ್ನು ಹುಡುಕಿದವರು ಮಹಾಸಂಸ್ಥೆಗಳ ಸಮಿತಿಗಳಲ್ಲ. ದಿನವೂ ಜಾಲವನ್ನು ನಡೆಸುವ ಪಾಡು ಬಲ್ಲ ನಾಲ್ವರು. ಜೇಮ್ಸ್ ಡೇವಿನ್, ಜೆಫ್ರಿ ಕೇಸ್, ಮಾರ್ಕ್ ಫೆಡರ್, ಮಾರ್ಟಿನ್ ಶಾಫ್‌ಸ್ಟಾಲ್ ಎಂಬ ಇವರು 1987ರ ನವೆಂಬರಿನಲ್ಲಿ ಸಿಂಪಲ್ ಗೇಟ್‌ವೇ ಮಾನಿಟರಿಂಗ್ ಪ್ರೋಟೊಕಾಲ್ ಎಂಬುದನ್ನು ಪ್ರಕಟಿಸಿದರು. ಗೇಟ್‌ವೇಯ ಮುಖ್ಯ ಕರ್ತವ್ಯ ಪ್ಯಾಕೆಟ್‌ಗಳನ್ನು ಮುಂದಕ್ಕೆ ದಾಟಿಸುವುದು; ಆದುದರಿಂದ ನಿಗಾ ವಹಿಸುವ ಶ್ರಮವೆಲ್ಲವೂ ಕೇಳುವವನ ಮೇಲಿರಲಿ, ಉತ್ತರಿಸುವವನ ಮೇಲೆ ಆದಷ್ಟು ಕಡಿಮೆ ಬೀಳಲಿ ಎಂಬುದು ಅದರ ಧೋರಣೆ. ಇದಕ್ಕೆ ಎರಡು ಪ್ರತಿಸ್ಪರ್ಧಿಗಳಿದ್ದುವು: ಕ್ರೇಗ್ ಪಾರ್ಟ್ರಿಜ್ ಮತ್ತು ಗ್ಲೆನ್ ಟ್ರೂಯಿಟ್ ಅವರ ಹೆಮ್ಸ್ ಎಂಬುದೊಂದು, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಸಿಎಂಐಪಿ ಎಂಬ ಪ್ರೋಟೊಕಾಲನ್ನು ಆಧರಿಸಿದ ಸಿಮಾಟ್ ಎಂಬುದಿನ್ನೊಂದು. 1988ರ ಏಪ್ರಿಲಿನಲ್ಲಿ ವಿಂಟನ್ ಸರ್ಫ್ ಬರೆದ ನಿರ್ಣಯದಂತೆ, ಗೇಟ್‌ವೇ ಪ್ರೋಟೊಕಾಲನ್ನು ವಿಸ್ತರಿಸಿ ಎಸ್‌ಎನ್‌ಎಂಪಿ ಎಂಬ ಹೆಸರಿನಲ್ಲಿ ಸದ್ಯಕ್ಕೆ ಬಳಸುವುದು, ದೀರ್ಘಕಾಲಕ್ಕೆ ಸಿಮಾಟ್ ಕಡೆಗೆ ಸಾಗುವುದು ಎಂದಾಯಿತು. ಹೆಮ್ಸ್ ಪಕ್ಷದವರು ಒಮ್ಮತಕ್ಕೋಸ್ಕರ ತಾವಾಗಿಯೇ ಹಿಂದೆ ಸರಿದರು. ತಂತ್ರಜ್ಞರ ಕಲಹಗಳಲ್ಲಿ ಇಂತಹ ಸೌಜನ್ಯವು ವಿರಳವಾದುದರಿಂದ ಅದನ್ನು ದಾಖಲಿಸುವುದು ಧರ್ಮ. ಸದ್ಯಕ್ಕೆಂದು ಬಂದುದು ಇಂದಿಗೂ ಇದೆ. ಸಿಮಾಟ್ ಎಲ್ಲಿಯೂ ಬೇರೂರಲಿಲ್ಲ.

ಎಸ್‌ಎನ್‌ಎಂಪಿಯ ರಚನೆಯಲ್ಲಿ ಯಂತ್ರದ ಪ್ರತಿಯೊಂದು ಗುಣಕ್ಕೂ ವಂಶವೃಕ್ಷದಂತೆ ಕವಲೊಡೆಯುವ ಸಂಖ್ಯಾನಾಮವೊಂದುಂಟು. 1.3.6.1.2.1.1.3 ಎಂದು ಕೇಳಿದರೆ, ತಾನು ಎದ್ದು ಎಷ್ಟು ಕಾಲವಾಯಿತೆಂಬುದನ್ನು ರೌಟರ್ ಸೆಕೆಂಡಿನ ನೂರನೆಯ ಅಂಶಗಳಲ್ಲಿ ಹೇಳುತ್ತದೆ. ಆ ಲೆಕ್ಕಕ್ಕೆ 32 ಬಿಟ್‌ಗಳು ಮಾತ್ರ ಇರುವುದರಿಂದ ಸುಮಾರು 497 ದಿನಗಳಿಗೆ ಅದು ಸೊನ್ನೆಗೆ ಬರುತ್ತದೆ. ಎಂದೂ ನಿಲ್ಲದೆ ದುಡಿದ ಯಂತ್ರವು ಈಗ ತಾನೆ ಎದ್ದಿತೆಂದು ಭ್ರಮಿಸಿ ರಾತ್ರಿ ಪಾಳಿಯ ಎಂಜಿನಿಯರು ಗಾಬರಿಗೊಳ್ಳುವುದಕ್ಕೆ ಇದು ಕಾರಣ. ಹಾದುಹೋದ ಮಾಹಿತಿಯನ್ನು ಎಣಿಸುವ ಮಾಪಕವೂ ಮೊದಲಿಗೆ 32 ಬಿಟ್‌ಗಳದೇ: 10 ಮೆಗಾಬಿಟ್ ವೇಗದ ತಂತಿ ತುಂಬಿ ಹರಿದರೆ 57 ನಿಮಿಷಕ್ಕೆ ಅದು ಒಂದು ಸುತ್ತು ಮುಗಿಸುತ್ತಿದ್ದಿತು, ಗಿಗಾಬಿಟ್ ವೇಗದಲ್ಲಿ 34 ಸೆಕೆಂಡಿಗೇ ಮುಗಿಸಿತು. ಐದು ನಿಮಿಷಕ್ಕೊಮ್ಮೆ ಬಂದು ನೋಡುವವನಿಗೆ ಅಂತಹ ಮಾಪಕದಿಂದ ಸತ್ಯವು ದೊರೆಯದು. ಹಾಗಾಗಿ 64 ಬಿಟ್‌ಗಳ ಮಾಪಕ ಬಂದಿತು.

ಈ ಸಂಖ್ಯೆಗಳನ್ನು ಚಿತ್ರವಾಗಿಸಿದ ಕೀರ್ತಿ ತೋಬಿಯಾಸ್ ಏಟಿಕರ್ ಅವರದು. ಇಂಗ್ಲೆಂಡಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಸೆಕೆಂಡಿಗೆ 64 ಕಿಲೋಬಿಟ್‌ನ ಒಂದೇ ಸಂಪರ್ಕವನ್ನು ಎಲ್ಲರೂ ಹಂಚಿಕೊಂಡು ಪರದಾಡುತ್ತಿದ್ದ ಕಾಲದಲ್ಲಿ, ಅಂದರೆ 1990ರ ದಶಕದ ಮಧ್ಯಭಾಗದಲ್ಲಿ, ಅವರು ಬರೆದ ಎಂಆರ್‌ಟಿಜಿ ಎಂಬ ಪ್ರೋಗ್ರಾಂ, ಒಳಬರುವುದನ್ನು ಹಸುರು ಬಣ್ಣದಲ್ಲಿಯೂ ಹೊರಹೋಗುವುದನ್ನು ನೀಲಿಯ ಗೆರೆಯಲ್ಲಿಯೂ ತೋರಿಸಿತು. ಆ ಹಸುರು ನೀಲಿಗಳನ್ನು ನೋಡದೆ ಬೆಳೆದ ಜಾಲಾಧಿಕಾರಿ ಆ ತಲೆಮಾರಿನಲ್ಲಿ ಇದ್ದಾನೆಂದು ನಾನು ನಂಬಲಾರೆ.

ಕಣ್ಣಿನ ಕಥೆ ಇಷ್ಟು ಯಶಸ್ವಿಯಾಯಿತು; ಕೈಯ ಕಥೆ ಹಾಗಾಗಲಿಲ್ಲ. ಎಸ್‌ಎನ್‌ಎಂಪಿಯಲ್ಲಿ ಓದುವ ಆಜ್ಞೆಯಂತೆ ಬರೆಯುವ ಆಜ್ಞೆಯೂ ಇದ್ದಿತು. 1990ರ ಇಂಟರಾಪ್ ಪ್ರದರ್ಶನದಲ್ಲಿ ಜಾನ್ ರಾಮ್‌ಕಿ ಮತ್ತು ಸೈಮನ್ ಹ್ಯಾಕೆಟ್ ಅದನ್ನೇ ಬಳಸಿ ಜಾಲದ ಮೂಲಕ ಬ್ರೆಡ್ ಸುಡುವ ಟೋಸ್ಟರೊಂದನ್ನು ನಡೆಸಿ ತೋರಿಸಿದರು. ಬ್ರೆಡ್ಡನ್ನು ಒಳಗಿಡಲು ಮಾತ್ರ ಮನುಷ್ಯನೇ ಬೇಕಾಗಿದ್ದನು. ಮರುವರ್ಷ ಅದಕ್ಕೂ ಒಂದು ಯಂತ್ರಹಸ್ತವನ್ನು ಜೋಡಿಸಿದರು. ಟೋಸ್ಟರಿಗೆ ಸಲ್ಲುವ ಧೈರ್ಯ ರೌಟರಿಗೆ ಸಲ್ಲಲಿಲ್ಲ. ಯಂತ್ರವನ್ನು ಕಾಯುವ ಗುಟ್ಟಿನ ಪದವು ಬಯಲಿನಲ್ಲಿಯೇ ತಂತಿಯ ಮೇಲೆ ಸಾಗುತ್ತಿದ್ದಿತು, ಮೇಲಾಗಿ ಓದಲು ‘ಪಬ್ಲಿಕ್’, ಬರೆಯಲು ‘ಪ್ರೈವೇಟ್’ ಎಂಬ ಕಾರ್ಖಾನೆಯ ಪದಗಳನ್ನು ಅದೆಷ್ಟೋ ಕಡೆ ಯಾರೂ ಬದಲಾಯಿಸುತ್ತಲೇ ಇರಲಿಲ್ಲ. 2002ರ ಫೆಬ್ರವರಿಯಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಸಂಶೋಧಕರು ಅನೇಕ ಕಂಪೆನಿಗಳ ಎಸ್‌ಎನ್‌ಎಂಪಿಯಲ್ಲಿ ಬಿರುಕುಗಳನ್ನು ಬಯಲಿಗೆ ತಂದುದು ಲೋಕಕ್ಕೆಲ್ಲ ಸುದ್ದಿಯಾಯಿತು. ಭದ್ರವಾದ ಮೂರನೆಯ ಆವೃತ್ತಿ ಅದೇ ವರ್ಷದ ಕೊನೆಗೆ ಪೂರ್ಣ ಮಾನಕವಾಯಿತಾದರೂ, ಅದೇ ವರ್ಷ ನಡೆದ ಒಂದು ಸಮಾಲೋಚನೆಯಲ್ಲಿ ಜಾಲಗಳನ್ನು ನಡೆಸುವವರು ತಾವು ಎಸ್‌ಎನ್‌ಎಂಪಿಯನ್ನು ನೋಡುವುದಕ್ಕೆ ಬಳಸುವೆವೇ ಹೊರತು ತಿದ್ದುವುದಕ್ಕಲ್ಲವೆಂದು ಸ್ಪಷ್ಟವಾಗಿ ಹೇಳಿದ್ದರು. ಅದರ ಫಲವೇ 2006ರ ನೆಟ್‌ಕಾನ್ಫ್ ಎಂಬ ಪ್ರೋಟೊಕಾಲ್. ಅದರಲ್ಲಿರುವ ಒಂದು ಐಚ್ಛಿಕ ಸೌಲಭ್ಯದಂತೆ, ಮಾಡಿದ ಬದಲಾವಣೆಯನ್ನು, ಬೇರೆ ಅವಧಿಯನ್ನು ಗೊತ್ತುಪಡಿಸದಿದ್ದಲ್ಲಿ, 600 ಸೆಕೆಂಡುಗಳೊಳಗಾಗಿ ಮತ್ತೊಮ್ಮೆ ದೃಢಪಡಿಸದಿದ್ದರೆ ಯಂತ್ರವು ತಾನಾಗಿಯೇ ಹಿಂದಿನ ಸ್ಥಿತಿಗೆ ಮರಳುತ್ತದೆ. ತನ್ನ ಆಜ್ಞೆಯಿಂದಲೇ ತನ್ನ ದಾರಿಯನ್ನು ಕಡಿದುಕೊಂಡವನಿಗೆ ಬೇರೆ ಗತಿಯಿಲ್ಲವಷ್ಟೆ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಗೆ ಒದಗಿದುದು ಇದೇ ಅವಸ್ಥೆ. ಬೆನ್ನೆಲುಬಿನ ಜಾಲದ ಮೇಲೆ ಪ್ರಯೋಗಿಸಿದ ಒಂದು ಆಜ್ಞೆಯು, ಅಂತಹವನ್ನು ತಡೆಯಬೇಕಾಗಿದ್ದ ಪ್ರೋಗ್ರಾಮಿನ ಕಣ್ತಪ್ಪಿಸಿ ಹೋಗಿ, ಜಾಲವನ್ನೇ ಕಡಿದುಹಾಕಿತು. ಆಪತ್ಕಾಲಕ್ಕೆಂದು ಇಟ್ಟುಕೊಂಡ ಪ್ರತ್ಯೇಕ ಹಾದಿಯೂ ಕೈಕೊಟ್ಟಿತು. ಎಂಜಿನಿಯರುಗಳು ಯಂತ್ರಗಳಿರುವ ಕಟ್ಟಡಗಳಿಗೇ ಹೋಗಬೇಕಾಯಿತು, ಸುಮಾರು ಆರು ಗಂಟೆಗಳು ಕಳೆದುವು.

ನಮ್ಮ ನಾಡಿಗೂ ಈ ಕಸುಬು ಹೊಸದಲ್ಲ. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಗಣಕಜಾಲದ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿದ್ದಿತು. ಇಂದು ಅದೇ ಊರಿನ ಹೊರವರ್ತುಲದ ಕಟ್ಟಡಗಳಲ್ಲಿ ರಾತ್ರಿಯಿಡೀ ಕುಳಿತು ಅನ್ಯಖಂಡಗಳ ರೌಟರುಗಳನ್ನು ಕಾಯುವವರು ಅನೇಕರು. ದೂರದ ಸಿಸ್ಕೊ ರೌಟರಿನ ವ್ಯವಸ್ಥೆಯನ್ನು ತಿದ್ದುವುದಕ್ಕೆ ಮೊದಲು ಬಲ್ಲವರು ‘ರೀಲೋಡ್ ಇನ್ 10’ ಎಂದು ಬೆರಳಚ್ಚಿಸುತ್ತಾರೆ, ಅಂದರೆ ಹತ್ತು ನಿಮಿಷಗಳ ತರುವಾಯ ಯಂತ್ರವು ತಾನಾಗಿಯೇ ನಿಂತು, ಉಳಿಸಿಟ್ಟ ಹಳೆಯ ವ್ಯವಸ್ಥೆಯೊಡನೆ ಏಳಲೆಂದು ಆಜ್ಞೆ. ತಿದ್ದಿದುದು ಸರಿಯಾಗಿದ್ದು ಸಂಪರ್ಕ ಉಳಿದರೆ ಆ ಆಜ್ಞೆಯನ್ನು ರದ್ದುಮಾಡುತ್ತಾರೆ. ಕೆಲಸವು ಕೈಗೂಡಿದ ಸಂತೋಷದಲ್ಲಿ ರದ್ದುಮಾಡುವುದನ್ನೇ ಮರೆತು ಚಹಾ ಕುಡಿಯಲು ಎದ್ದುಹೋದವರ ರೌಟರು ಕೂಡ ಹತ್ತನೆಯ ನಿಮಿಷಕ್ಕೆ ಸರಿಯಾಗಿ ಮಲಗಿ ಏಳುತ್ತದೆ, ಆಚೆಯ ಖಂಡದಿಂದ ಫೋನೂ ಬರುತ್ತದೆ.