ಕೊಳವೆಗಿಂತ ಮೊದಲು ಔಷಧಿ



ಕೊಪ್ಪ ತಾಲೂಕಿನ ಹಿರೇಕೊಡಿಗೆ ಕುವೆಂಪು ಅವರು ಹುಟ್ಟಿದ ಊರೆಂದು ನಿಮಗೆ ಗೊತ್ತು. ಅಲ್ಲಿ ಯಕೃತ್ತಿನ ಕಾಯಿಲೆಯ ಒಬ್ಬರು ನಡುರಾತ್ರಿ ರಕ್ತ ವಾಂತಿ ಮಾಡಿಕೊಂಡರು ಎನ್ನಿ. ಮನೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲದಂಥ ಊರಿನ ದೊಡ್ಡ ಆಸ್ಪತ್ರೆಗೆ ಧಾವಿಸುತ್ತಾರೆ. ವೈದ್ಯರು ಬಾಯಿಯ ಮೂಲಕ ಎಂಡೋಸ್ಕೋಪ್ ಎಂಬ ಕೊಳವೆ ಇಳಿಸಿ ರಕ್ತ ನಿಲ್ಲಿಸುತ್ತಾರೆ. ಆದರೆ ಎರಡು ದಿನಗಳಲ್ಲಿ ರೋಗಿಗೆ ಜ್ವರ! ಈ ಸೋಂಕು ಬಂದದ್ದೆಲ್ಲಿಂದ?

ಮದ್ಯಪಾನ, ಹೆಪಟೈಟಿಸ್ ಬಿ ಮೊದಲಾದ ಕಾರಣಗಳಿಂದ ಯಕೃತ್ತು ಗಟ್ಟಿಯಾಗುವುದನ್ನು ಸಿರೋಸಿಸ್ ಎನ್ನುತ್ತಾರೆ. ಆಗ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಸಾಲದೆ, ಅನ್ನನಾಳದ ತುದಿಯ ರಕ್ತನಾಳಗಳು ಉಬ್ಬಿ ಒಡೆಯುತ್ತವೆ. 1939ರಲ್ಲಿ ಸ್ವೀಡನ್ನಿನ ಕ್ರಾಫೂರ್ಡ್ ಮತ್ತು ಫ್ರೆಂಕ್ನರ್ ಬಾಗದ ಕೊಳವೆಯ ಮೂಲಕ ಈ ನಾಳಗಳಿಗೆ ಕ್ವಿನೈನ್ ಚುಚ್ಚಿದರು. ಹೌದು, ಮಲೆನಾಡಿನವರು ಮಲೇರಿಯಾಕ್ಕೆ ನುಂಗುತ್ತಿದ್ದ ಅದೇ ಕ್ವಿನೈನ್! 1954ರಲ್ಲಿ ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಹಾಪ್‌ಕಿನ್ಸ್ ಜೊತೆಗೂಡಿ ಗಾಜಿನ ಎಳೆಗಳ ಮೂಲಕ ಚಿತ್ರ ಸಾಗಿಸಿ ತೋರಿಸಿದರು. 1957ರಲ್ಲಿ ಹಿರ್ಷೋವಿಟ್ಜ್ ಇದರಿಂದಲೇ ಬಾಗುವ ಎಂಡೋಸ್ಕೋಪ್ ರೂಪಿಸಿದರು. ಚಿಕಿತ್ಸೆ ಸುಲಭವಾಯಿತು.

ಚುಚ್ಚುಮದ್ದಿನ ನಂತರ ಕೆಲವರ ರಕ್ತದಲ್ಲಿ ಬ್ಯಾಕ್ಟೀರಿಯಾ ಕಂಡವು. ಸಹಜವಾಗಿಯೇ ಅನುಮಾನ ಕೊಳವೆ ಮತ್ತು ಸೂಜಿಯ ಮೇಲೆ ಬಿತ್ತು. ಸೂಜಿಯ ಬದಲು ರಬ್ಬರ್ ಬಳೆಯಿಂದ ನಾಳ ಬಿಗಿಯುವ ವಿಧಾನವನ್ನು 1980ರ ದಶಕದಲ್ಲಿ ಅಮೆರಿಕದ ಸ್ಟೀಗ್‌ಮನ್ ತಂದರು. ಗಾಯ ಕಡಿಮೆಯಾಯಿತು, ಸೋಂಕು ಮಾತ್ರ ಪೂರ್ತಿ ಹೋಗಲಿಲ್ಲ.

ಅಷ್ಟರಲ್ಲಿ, 1985ರಲ್ಲಿ, ಬಾರ್ಸಿಲೋನಾದ ರಿಮೋಲಾ ಮತ್ತು ಸಂಗಡಿಗರು ಬೇರೆಯೇ ಸುಳಿವು ಕೊಟ್ಟಿದ್ದರು. ರಕ್ತಸ್ರಾವವಾಗುತ್ತಿದ್ದ ರೋಗಿಗಳಿಗೆ ಅವರು ಕರುಳಿನೊಳಗೇ ಕೆಲಸ ಮಾಡುವ ಆಂಟಿಬಯೋಟಿಕ್ ಕುಡಿಸಿದರು. ಸೋಂಕು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅಂದರೆ ಶತ್ರುಗಳಲ್ಲಿ ಬಹುಪಾಲು ಒಳಗೇ ಇದ್ದರು! ಆರೋಗ್ಯವಂತ ಯಕೃತ್ತು ಕರುಳಿನ ರಕ್ತವನ್ನು ಜರಡಿಯಂತೆ ಸೋಸುತ್ತದೆ. ಕೆಟ್ಟ ಯಕೃತ್ತಿಗೆ ಆ ಶಕ್ತಿಯಿಲ್ಲ. ರಕ್ತಸ್ರಾವವಾದಾಗ ಕರುಳಿನ ಗೋಡೆಯೂ ಸಡಿಲವಾಗುತ್ತದೆ. 1999ರಲ್ಲಿ ಐದು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಂಟಿಬಯೋಟಿಕ್ ಪಡೆದವರಲ್ಲಿ ಬದುಕುಳಿದವರು ಹೆಚ್ಚೆಂದು ಕಂಡಿತು. ಆದ್ದರಿಂದಲೇ ಇಂದು ರಕ್ತಸ್ರಾವದ ರೋಗಿ ಬಂದೊಡನೆ, ಕೊಳವೆ ಇಳಿಸುವ ಮೊದಲೇ, ಕೆಲವೇ ದಿನಗಳ ಮಟ್ಟಿಗೆ ಈ ಔಷಧಿ ಆರಂಭಿಸುತ್ತಾರೆ.

ಹಾಗೆಂದು ಕೊಳವೆ ನಿರಪರಾಧಿಯಲ್ಲ. 2013ರಿಂದ 2015ರ ನಡುವೆ ಅಮೆರಿಕದ ಆಸ್ಪತ್ರೆಗಳಲ್ಲಿ, ಪಿತ್ತನಾಳ ಪರೀಕ್ಷಿಸುವ ಕೊಳವೆಗಳ ತುದಿಯ ಸಂದಿಯಲ್ಲಿ ಉಳಿದ ಬ್ಯಾಕ್ಟೀರಿಯಾ ರೋಗಿಯಿಂದ ರೋಗಿಗೆ ಹರಡಿದವು. ಅವು ಆಂಟಿಬಯೋಟಿಕ್‌ಗೂ ಜಗ್ಗದವು.

ಕಣ್ಣಿಗೆ ಕಂಡವನೇ ಕಳ್ಳನೆಂದು ತೀರ್ಮಾನಿಸಬಾರದೆಂಬುದು ಇಲ್ಲಿನ ಪಾಠ. ನಿಮ್ಮ ಮನೆಯಲ್ಲಿ ಯಾರಾದರೂ ರಕ್ತ ಕಾರಿದರೆ ಬೆಳಗಾಗಲೆಂದು ಕಾಯಬೇಡಿ. ಯಕೃತ್ತಿನ ಕಾಯಿಲೆಯಿದ್ದರೆ ಆ ಮಾತನ್ನು ವೈದ್ಯರಿಗೆ ಮೊದಲೇ ಹೇಳಿ. ಅಲ್ಲಿಂದಲೇ ಚಿಕಿತ್ಸೆ ಆರಂಭ.