ಒಂದೇ ಹೆಸರು, ಹತ್ತು ಕೈ (ಸರಣಿ, ಭಾಗ 6)

ಎಚ್.ಬಿ.ಹಳ್ಳಿ ಕಡೆಯ ಮೇಷ್ಟ್ರುಗಳೇ, ಮೇಡಂಗಳೇ, ಮಕ್ಕಳನ್ನ ಶಾಲೆಗೆ ಕಳಿಸೋ ಅಪ್ಪ-ಅವ್ವಂದಿರೇ, ಇವತ್ತಿನ ಕಂತು ನಿಮಗೆ. ಸ್ವಲ್ಪ ಉದ್ದ ಐತಿ, ಸಮಾಧಾನವಾಗಿ ಓದ್ರಿ.

ಶಾಲೆಯ ವಿಜ್ಞಾನ ವಿಭಾಗಕ್ಕೊಂದು, ಕನ್ನಡ ವಿಭಾಗಕ್ಕೊಂದು ಇನ್‌ಸ್ಟಾಗ್ರಾಂ ಖಾತೆ ತೆರೆಯೋ ಕಾಲ ಇದು. ಪಾಸ್‌ವರ್ಡ್ ಒಂದು, ಬಳಸೋರು ನಾಲ್ಕೈದು ಮಂದಿ. ಇದೇನೋ ಹೊಸ ರೂಢಿ ಅಂತೀರಿ. ಆದರೆ ಒಂದೇ ಹೆಸರಿನಡಿ ಹತ್ತು ಜನ ಬರೆಯೋದು ನಮ್ಮ ಶಾಲೆಗಳಿಗೆ ಮೊಬೈಲಿಗಿಂತ ಬಹಳ ಹಳೇದು.

ಅಡ್ಮಿಷನ್ ರಿಜಿಸ್ಟರನ್ನೇ ನೋಡ್ರಿ. 1953ರ ಅಕ್ಟೋಬರ್ 1ರವರೆಗೆ ನಮ್ಮ ಸೀಮೆ ಮದ್ರಾಸಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯ, 1973ರಲ್ಲಿ ಅದಕ್ಕೆ ಕರ್ನಾಟಕ ಅನ್ನೋ ಹೆಸರು, 2021ರಲ್ಲಿ ಬಳ್ಳಾರಿ ಬಿಟ್ಟು ವಿಜಯನಗರ ಜಿಲ್ಲೆ. ಇಷ್ಟೆಲ್ಲ ಬದಲಾದರೂ, ಅಜ್ಜನ ಹುಟ್ಟಿದ ತಾರೀಕಿಗೋ ಜಾತಿ ದಾಖಲೆಗೋ ಮಂದಿ ಇವತ್ತಿಗೂ ಹಳೇ ಶಾಲೆಗೇ ಹೋಗ್ತಾರೆ. ಪುಟ ತಿರುವಿದರೆ ಕೈಬರಹ ಬದಲಾಗ್ತಾ ಹೋಗುತ್ತೆ, ಶಾಯಿ ಬದಲಾಗುತ್ತೆ, ಪುಸ್ತಕ ಮಾತ್ರ ಶಾಲೆಯದೇ. ಹೆಡ್ಮಾಸ್ಟರು ವರ್ಗವಾದರೆ ಚಾರ್ಜ್ ಪಟ್ಟಿ ಬರೆದು, ಸಹಿ ಹಾಕಿ, ಬೀಗದ ಕೈ ಜೊತೆ ಅದನ್ನೂ ಒಪ್ಪಿಸಿ ಹೋಗೋದು ಪದ್ಧತಿ. ಹೋಗುವಾಗ ಯಾರೂ ರಿಜಿಸ್ಟರನ್ನ ಚೀಲಕ್ಕೆ ಹಾಕ್ಕೊಂಡು ಬಸ್ಸು ಹತ್ತಲಿಲ್ಲ.

ಇನ್ನೊಂದು ಉದಾಹರಣೆ ಬೆಂಗಳೂರಿನದು. 1919ರ ಸುಮಾರಿಗೆ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 'ಪ್ರಬುದ್ಧ ಕರ್ನಾಟಕ' ಅನ್ನೋ ಪತ್ರಿಕೆ ಶುರು ಮಾಡ್ತು. ಹೊತ್ತು ನಡೆಸಿದವರು ಅಲ್ಲಿನ ಅಧ್ಯಾಪಕ ಎ.ಆರ್. ಕೃಷ್ಣಶಾಸ್ತ್ರಿಗಳು. ಅವರಿಲ್ಲದೆ ಅದು ಹುಟ್ತಿರಲಿಲ್ಲ, ಆದರೂ ಪತ್ರಿಕೆ ಇದ್ದದ್ದು ಸಂಘದ ಹೆಸರಿನಲ್ಲಿ. ಅದಕ್ಕೇ ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಅದನ್ನ ವಹಿಸಿಕೊಳ್ಳೋಕೆ ಆಯ್ತು, ಸಂಪಾದಕರು ಬದಲಾಗ್ತಾ ಹೋದರೂ ಹೆಸರು ಉಳೀತು. ಲೇಖನದ ಜೊತೆ ಬರೆದವರ ಹೆಸರು ಇರ್ತಿತ್ತು ಅನ್ನೋದನ್ನೂ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಈಗ ಪಾಸ್‌ವರ್ಡಿನ ಕಥೆ. 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೋ ಕೊರ್ಬಾಟೋ ಅವರ ತಂಡ, ಒಂದೇ ಕಂಪ್ಯೂಟರನ್ನ ಹಲವರು ಏಕಕಾಲಕ್ಕೆ ಬಳಸೋ ವ್ಯವಸ್ಥೆ ಮಾಡ್ತು. ಯಂತ್ರ ಒಂದೇ, ಆದರೆ ಒಬ್ಬೊಬ್ಬರ ಕಡತ ಬೇರೆ ಇರಬೇಕಲ್ಲ? ಅದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡ್ ಕೊಟ್ರು. ಮರುವರ್ಷವೇ ಅಲನ್ ಶೆರ್ ಅನ್ನೋ ಸಂಶೋಧಕ, ತನ್ನ ಪಾಲಿನ ಗಂಟೆಗಳು ಸಾಲದೇ, ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಅಚ್ಚು ಹಾಕಿಸ್ಕೊಂಡ! ತಮಾಷೆ ಏನಂದ್ರೆ, ಹತ್ತು ಜನರನ್ನ ಬೇರೆ ಬೇರೆ ಗುರುತಿಸೋಕೆ ಹುಟ್ಟಿದ ಸಾಧನವನ್ನ ನಾವೀಗ ಹತ್ತು ಜನರನ್ನ ಒಬ್ಬರನ್ನಾಗಿ ಮಾಡೋಕೆ ಬಳಸ್ತಿದ್ದೀವಿ.

ತೊಡಕು ಇಲ್ಲೇ ಇರೋದು. ಫೇಸ್‌ಬುಕ್ ಪೇಜಿಗೆ ಹಲವರು ತಮ್ಮ ತಮ್ಮ ಖಾತೆಯಿಂದಲೇ ಅಡ್ಮಿನ್ ಆಗಬಹುದು. ಇನ್‌ಸ್ಟಾಗ್ರಾಂನ ಮಾಮೂಲಿ ಖಾತೆಗೆ ಇರೋದು ಒಂದೇ ಬಾಗಿಲು, ಓಟಿಪಿ ಬರೋದು ಖಾತೆ ತೆರೆದವರ ಫೋನಿಗೆ. ಆ ಮೇಷ್ಟ್ರಿಗೆ ಕೌನ್ಸೆಲಿಂಗ್‌ನಲ್ಲಿ ಬೇರೆ ಊರು ಸಿಕ್ತು ಅಂದ್ಕೊಳ್ಳಿ. ಶಿಕ್ಷಕರ ವರ್ಗಾವಣೆಗೆ 2007ರಲ್ಲೊಂದು, 2020ರಲ್ಲೊಂದು ಕಾಯ್ದೆ ಬಂದಿವೆ. ಮನುಷ್ಯರ ವರ್ಗಕ್ಕೆ ಇಷ್ಟು ನಿಯಮ ಇದ್ದರೂ ವಿಭಾಗದ ಖಾತೆ ಮಾತ್ರ ಯಾವ ಚಾರ್ಜ್ ಪಟ್ಟಿಗೂ ಸೇರದೆ ಮೇಷ್ಟ್ರ ಜೇಬಿನಲ್ಲೇ ಊರು ಬಿಡುತ್ತೆ. ಅವರು ಕೆಟ್ಟವರೇನಲ್ಲ, ಯಾರೂ ಕೇಳಿರಲ್ಲ ಅಷ್ಟೇ. ಸಿಮ್ ಬದಲಾಯಿಸಿದ ದಿನ ಬಾಗಿಲು ಪೂರ್ತಿ ಮುಚ್ಚಿತು.

ಹೋಗೋದು ಬರೀ ಫೋಟೋ ಅಲ್ಲ. ನಮ್ಮ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಒಂದು ಶಾಲೆಯ ಜೀವಶಾಸ್ತ್ರದವರು ಪ್ರತಿ ವರ್ಷ ಮಕ್ಕಳನ್ನ ಕೆರೆಗೆ ಕರ್ಕೊಂಡು ಹೋಗಿ, ಯಾವ ಹಕ್ಕಿ ಯಾವ ವಾರ ಬಂತು ಅಂತ ಹಾಕ್ತಾ ಹೋದರೆ ಹತ್ತು ವರ್ಷಕ್ಕೆ ಅದೊಂದು ದಾಖಲೆ, ಅಡ್ಮಿಷನ್ ರಿಜಿಸ್ಟರಿನ ಹಾಗೆಯೇ. ಆದರೆ ಕಂಪನಿ ಅಂಗಡಿಯನ್ನೇ ಮುಚ್ಚಿದರೆ? 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಹೋಯ್ತು, 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್. ವರ್ಷಕ್ಕೊಮ್ಮೆ ಖಾತೆಯ ಪ್ರತಿಯನ್ನ ಡೌನ್‌ಲೋಡ್ ಮಾಡಿ ಶಾಲೆಯ ಕಂಪ್ಯೂಟರಿನಲ್ಲಿ ಇಡ್ರಿ.

ಪಾಲಕರಿಗೆ ಒಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನ ಮಕ್ಕಳು ಅಂತಲೇ ಎಣಿಸುತ್ತೆ, ಅವರ ಮಾಹಿತಿ ಬಳಸೋಕೆ ಪಾಲಕರ ಒಪ್ಪಿಗೆ ಬೇಕು ಅನ್ನುತ್ತೆ. ಐದು ಮಂದಿ ಕೈಯಲ್ಲಿರೋ ಖಾತೆಯಲ್ಲಿ ನಿಮ್ಮ ಮಗಳ ಫೋಟೋ ಹಾಕಿದವರು ಯಾರು ಅಂತ ಕೇಳಿದರೆ ಉತ್ತರ ಸಿಗಬೇಕಲ್ಲ? ಪ್ರತಿ ಪೋಸ್ಟಿನ ಕೆಳಗೆ ಹಾಕಿದವರ ಹೆಸರಿನ ಮೊದಲ ಅಕ್ಷರ ಇದ್ದರೂ ಸಾಕು. 'ಪ್ರಬುದ್ಧ ಕರ್ನಾಟಕ'ದವರು ಲೇಖಕರ ಹೆಸರು ಹಾಕ್ತಿದ್ದದ್ದು ನೆನಪಿದೆಯಲ್ಲ.

ಉಳಿದದ್ದು ಚಿಕ್ಕ ಕೆಲಸ. ಶಾಲೆಯದೇ ಇ-ಮೇಲ್, ಶಾಲೆಯದೇ ಸಿಮ್. ಪ್ರೊಫೆಷನಲ್ ಖಾತೆ ಮಾಡಿ ಫೇಸ್‌ಬುಕ್ ಪೇಜಿಗೆ ಜೋಡಿಸಿದರೆ ಪಾಸ್‌ವರ್ಡ್ ಕೊಡದೇನೂ ಕೆಲಸ ಹಂಚಬಹುದು. ಚಾರ್ಜ್ ಪಟ್ಟಿಯಲ್ಲಿ ಗ್ಲೋಬು, ನಕ್ಷೆ, ಬೀರುವಿನ ಕೆಳಗೆ ಇನ್ನೊಂದು ಸಾಲು ಬರೀರಿ: ವಿಭಾಗದ ಖಾತೆ, 1.

ನಿಮ್ಮ ಶಾಲೆಯ ಖಾತೆಯ ಓಟಿಪಿ ಈಗ ಯಾರ ಫೋನಿಗೆ ಬರುತ್ತೆ? ಹೆಸರು, ನಂಬರ್ ಬೇಡ. ಶಾಲೆ ಫೋನೋ, ಮೇಷ್ಟ್ರ ಫೋನೋ, ಅಷ್ಟೇ ಕೆಳಗೆ ಹೇಳ್ರಿ.

#ಹಗರಿಬೊಮ್ಮನಹಳ್ಳಿ #ವಿಜಯನಗರಜಿಲ್ಲೆ #ಶಾಲೆಯಇತಿಹಾಸ